ಪುಚ್ಚೆ ನೋಣಯ್ಯ ಮತ್ತು ಭಂಡಾರದ ಮಾಡು

ಬಾವುಟಗುಡ್ಡೆಯ ಇಳಿಜಾರಿನಲ್ಲಿದ್ದ ಆ ಮುಚ್ಚಿದ ಕಟ್ಟಡದ ಮುಂದೆ ಹಾದುಹೋಗುವಾಗಲೆಲ್ಲ ಜಯ ಚಪ್ಪಲಿ ಕಳಚಿ ಕೈಮುಗಿಯುತ್ತಿದ್ದ. ಬಾಗಿಲ ಮೇಲೆ 'ಪುಸ್ತಕ ಭಂಡಾರ' ಎಂದು ಬರೆದಿತ್ತು. ಅವನ ಊರಾದ ಸುರತ್ಕಲ್ಲಿನಲ್ಲಿ ಭಂಡಾರವೆಂದರೆ ದೈವದ ಮೊಗ, ಕತ್ತಿ, ಆಭರಣಗಳನ್ನಿಡುವ ಮನೆ. ಪುಸ್ತಕವೆಂದರೇನೆಂದು ಗೊತ್ತಿರಲಿಲ್ಲವೆಂದಲ್ಲ. ಶಾಲೆಯಲ್ಲಿ ಅದು ಅವನನ್ನು ಕಾಡಿದ್ದ ರೀತಿ ನೋಡಿದರೆ, ಅದೂ ಪೇಟೆಯ ಒಂದು ದೈವವೇ ಇರಬಹುದೆಂದು ಅನಿಸಿದ್ದರಲ್ಲಿ ತಪ್ಪೇನಿಲ್ಲ. ಫೋಟೋ ಸ್ಟುಡಿಯೋದಲ್ಲಿ ಸಂಬಳಕ್ಕೆ ಸೇರಿದ ಮೇಲೆ ಧಣಿ ಲ್ಯಾನ್ಸಿ ವಿಷಯ ತಿಳಿದು ಹೊಟ್ಟೆ ಹಿಡಿದು ನಕ್ಕರು. ಕಡೆಗೆ, ಅಷ್ಟೊಂದು ಭಕ್ತಿ ಇದ್ದವನೇ ಹೋಗಲಿ ಎಂದು ಆ ಭಂಡಾರದ ಒಳಗಿನ ಫೋಟೋ ತೆಗೆಯಲು ಅವನನ್ನೇ ಕಳಿಸಿದರು.

ಅದು ಸಾವಿರದ ಒಂಬೈನೂರ ಮೂವತ್ತಾರರ ಮೇ ತಿಂಗಳು. ಓದುವವರು ಹೊಸ ಕಟ್ಟಡಕ್ಕೆ ಹೋಗಿ ವರ್ಷಗಳಾಗಿದ್ದರೂ, ಭಂಡಾರದ ಕಮಿಟಿಯವರು ಪ್ರತಿ ಮಳೆಗಾಲದ ಮೊದಲು ಹಳೆಯ ಮಾಡಿನ, ಅಂದರೆ ಸೂರಿನ, ಹೆಂಚು ಸರಿಪಡಿಸುತ್ತಿದ್ದರು. ಆ ಕೆಲಸ ನೋಣಯ್ಯನದು. ಕ್ರೈಸ್ತರ ಇಗರ್ಜಿಯ ಮಾಡಿರಲಿ, ಬಂದರಿನ ಗೋದಾಮಿರಲಿ, ಬೀಡಿ ಸೇದುತ್ತಾ ತುದಿಯ ಮೇಲೆ ನಡೆಯುತ್ತಿದ್ದ ಅವನಿಗೆ ಊರು ಇಟ್ಟ ಹೆಸರು ಪುಚ್ಚೆ ನೋಣಯ್ಯ. ತುಳುವಿನಲ್ಲಿ ಪುಚ್ಚೆ ಎಂದರೆ ಬೆಕ್ಕು. ಆ ಹೆಸರು ಅವನಿಗೆ ಮುಂಡಾಸಿಗಿಂತ ಹೆಚ್ಚಿನ ಅಲಂಕಾರವಾಗಿತ್ತು.

ಆದರೆ ಈ ವರ್ಷ ಬೆಕ್ಕು ಹತ್ತಲಿಲ್ಲ. ಮೊದಲು ಮೊಣಕಾಲು ನೋವೆಂದ, ಆಮೇಲೆ ಮಗಳು ಬಾಗಿಯ ಮದುವೆಯೆಂದ. ಕೊನೆಗೆ ಮಾಡಿನ ಮರವೇ ಹಾಳಾಗಿದೆಯೆಂದ. ಕಮಿಟಿಯ ಕಾರ್ಯದರ್ಶಿ ಮೋಹನದಾಸರು, "ಬಾಯಿಮಾತು ಬೇಡ, ಫೋಟೋ ನೋಡುವ. ಮರ ಹಾಳಾಗಿದ್ದರೆ ಕಟ್ಟಡ ಕೆಡವುವ. ಇಲ್ಲದಿದ್ದರೆ ನೀನು ಹತ್ತಬೇಕು" ಎಂದು ತೀರ್ಮಾನ ಕೊಟ್ಟಿದ್ದರು.

ಬೀಗದ ಕೈ ಹಿಡಿದು ಕಾಯುತ್ತಿದ್ದ ನೋಣಯ್ಯ, ಜಯನ ಹೆಗಲ ಮೇಲಿನ ಕ್ಯಾಮೆರಾ ಪೆಟ್ಟಿಗೆ ನೋಡಿ, "ಇದೆಂತ ಮಾರಾಯ, ಯಾರನ್ನು ಹೂಳ್ಲಿಕ್ಕೆ?" ಎಂದ.

"ನನ್ನನ್ನೇ ನೋಣಯ್ಯಣ್ಣ. ಇದು ಒಡೆದರೆ ಲ್ಯಾನ್ಸಿ ಧಣಿ ಇದರಲ್ಲೇ ಹಾಕಿ ಮುಚ್ತಾರೆ."

ಒಳಗೆ ಕಪಾಟುಗಳಿಗೆ ಗೆದ್ದಲು ಹುತ್ತ ಕಟ್ಟಿತ್ತು. ಬಿಟ್ಟುಹೋದ ಒಂದು ದಪ್ಪ ಪುಸ್ತಕವನ್ನು ಜಯ ಮುಟ್ಟಿದ. ರಟ್ಟು ಕೈಯಲ್ಲಿ ಉಳಿಯಿತು, ಒಳಗಿನದೆಲ್ಲ ಮಣ್ಣಾಗಿ ಕಾಲ ಮೇಲೆ ಸುರಿಯಿತು. ಕಿಟಕಿಗಳು ಉಬ್ಬಿ ಕಚ್ಚಿಕೊಂಡಿದ್ದವು. ಮಾಡಿನ ಗಾಜಿನ ಹೆಂಚು ಪಾಚಿಗಟ್ಟಿತ್ತು. ತಲೆಯ ಮೇಲೆ ಬರೀ ಕತ್ತಲೆ.

"ಬೆಳಕಿಲ್ಲದೆ ಫೋಟೋ ಬರುದಿಲ್ಲ. ಮೇಲಿಂದ ನಾಲ್ಕು ಹೆಂಚು ತೆಗೆಯಬೇಕು."

ನೋಣಯ್ಯ ನಗಲು ನೋಡಿದ, ಆಗಲಿಲ್ಲ. "ಒಳ್ಳೆ ಲೆಕ್ಕ! ಹತ್ತದೆ ಇರ್ಲಿಕ್ಕೆ ಫೋಟೋ ಬೇಕು, ಫೋಟೋಕ್ಕೆ ಹತ್ತಬೇಕು." ಅವನು ದನಿ ಇಳಿಸಿದ. "ಜಯ, ಹೋದ ವರ್ಷ ಇದೇ ಮಾಡಿನಲ್ಲಿ ನನ್ನ ಕಾಲು ಒಳಗೆ ಹೋಯಿತು. ಮರಕ್ಕೆ ಕಂಕುಳು ಸಿಕ್ಕಿ ನೇತಾಡಿದೆ. ಯಾರಿಗೂ ಹೇಳಬೇಡ. ಪುಚ್ಚೆ ಬಿದ್ದಿತು ಅಂತ ಬಂದರಿನವರು ಹಾಡು ಕಟ್ತಾರೆ."

"ಹತ್ತುದು ಬೇಡ, ಕೆಳಗಿಂದಲೇ ನೂಕಿ" ಎಂದ ಜಯ, ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡು. ಆ ಮೆಚ್ಚುಗೆ ಹೆಚ್ಚು ಹೊತ್ತು ಬಾಳಲಿಲ್ಲ.

ನೋಣಯ್ಯ ಉದ್ದದ ಬಿದಿರಿನಿಂದ ಹೆಂಚುಗಳನ್ನು ಎತ್ತಿ ಸರಿಸಿದ. ಬೆಳಕು ದಪ್ಪ ಕಂಬದ ಹಾಗೆ ಇಳಿಯಿತು. ಜಯ ಕರಿ ಬಟ್ಟೆಯೊಳಗೆ ತಲೆ ತೂರಿ ನೇರ ಮಾಡಿ, ಗಾಜಿನ ಪ್ಲೇಟು ಹಾಕಿ, ಲೆನ್ಸಿನ ಮುಚ್ಚಳ ತೆಗೆದ. ಇನ್ನು ಅಲ್ಲಾಡದೆ ನಿಲ್ಲಬೇಕು.

ಮೇಲೆ ಏನೋ 'ಕರ್' ಎಂದಿತು.

ಪಕ್ಕಾಸು, ಹೆಂಚಿನ ಭಾರ ಹೊರುವ ಆ ಇಳಿಜಾರು ಮರ, ಮುರಿದು ಬಿದಿರಿನ ತುದಿಗೆ ಒರಗಿತ್ತು. ಅದರ ನೇರ ಕೆಳಗೆ ಜಯ. ನೋಣಯ್ಯ ಬಿಟ್ಟರೆ ಬಿತ್ತು. ಅವನು ಬಿಡಲಿಲ್ಲ. ಆದರೆ ಪಂಚೆಯ ಕೆಳಗೆ ಅವನ ಎರಡೂ ಕಾಲು ನಡುಗುತ್ತಿದ್ದವು, ಗಾಳಿಗೆ ಬಾಳೆಲೆ ನಡುಗುವ ಹಾಗೆ.

"ಮುಗೀತಾ?"

"ಇನ್ನು ಸ್ವಲ್ಪ..."

"ನಿನ್ನ ಸ್ವಲ್ಪಕ್ಕೆ ಬೆಂಕಿ ಹಾಕ! ಓಡು!"

ಜಯ ಲೆನ್ಸಿಗೆ ಮುಚ್ಚಳ ಒತ್ತಿ, ಕ್ಯಾಮೆರಾವನ್ನು ಮಗುವಿನಂತೆ ಅವಚಿಕೊಂಡು ಬಾಗಿಲಿಗೆ ಹಾರಿದ. ನೋಣಯ್ಯ ಬಿದಿರು ಬಿಟ್ಟು ಹಿಂದೆಯೇ ಬಂದು ಬಿದ್ದ. ಮರ, ಹೆಂಚು, ಧೂಳು ಒಂದಾಗಿ ಇಳಿದವು. ಅಂಗಳದಲ್ಲಿ ಇಬ್ಬರೂ ಬಹಳ ಹೊತ್ತು ಕೆಮ್ಮಿದರು.

ಮಾರನೆಯ ದಿನ ಸ್ಟುಡಿಯೋದಲ್ಲಿ, ನೋಣಯ್ಯನನ್ನೂ ಕರೆಸಿ, ಮೋಹನದಾಸರು ಫೋಟೋವನ್ನು ಕಿಟಕಿಗೆ ಹಿಡಿದರು. ಪಕ್ಕಾಸು ಇರಬೇಕಾದಲ್ಲಿ ಧೂಳಿನ ಬಿಳಿ ಮೋಡ. ಕೆಳಗಿನ ಮೂಲೆಯಲ್ಲಿ ಮಾತ್ರ ಪಂಚೆ ಉಟ್ಟ ಎರಡು ಕಾಲು, ನಡುಗಿ ನಡುಗಿ ನಾಲ್ಕಾಗಿದ್ದವು.

"ಇದರಲ್ಲಿ ಹಾಳಾದ ಮರ ಎಲ್ಲಿ ಉಂಟು? ಒಂದು ಪಕ್ಕಾಸು ಬಿದ್ದಿತು, ಬೇರೆ ಹಾಕುವ. ನೋಣಯ್ಯ, ನಾಳೆ ಹತ್ತು." ಮತ್ತೆ ಅವರ ಬೆರಳು ಮೂಲೆಗೆ ಬಂತು. "ಇದೆಂತ, ಈ ಕಾಲು ನಿನ್ನದಾ? ಪುಚ್ಚೆಗೆ ಹೆದರಿಕೆಯಾ?"

ಲ್ಯಾನ್ಸಿ ಧಣಿ ಎದುರಿಗೇ ನಿಂತಿದ್ದರು. ಆದರೂ ಜಯ ಬಾಯಿ ತೆರೆದ. "ಕ್ಯಾಮೆರಾ ಅಲ್ಲಾಡಿದ್ದು ಸಾರ್, ನನ್ನ ತಪ್ಪು..."

"ಸುಮ್ಮನಿರು ಮಾರಾಯ" ಎಂದ ನೋಣಯ್ಯ. ಮುಂಡಾಸು ತೆಗೆದು ಮುಖ ಒರಸಿಕೊಂಡು ಮೋಹನದಾಸರನ್ನು ನೇರ ನೋಡಿದ. "ಹೌದು ಧಣಿ, ಹೆದರಿಕೆ. ನಾನು ಹತ್ತುದಿಲ್ಲ."