ಹುಡುಕುತ್ತಿಲ್ಲ ಎಂದು ಬರೆಸಿದವಳು

ಮನೆಮನೆಗೆ ಹೋಗಿ ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂದು ಕೇಳಿ ಬರೆದುಕೊಳ್ಳುವುದೇ ನಾಲ್ಕು ವರ್ಷ ನನ್ನ ಕೆಲಸವಾಗಿತ್ತು. ಗುತ್ತಿಗೆಯ ನೌಕರಿ. ತಿಂಗಳಿಗೊಮ್ಮೆ ನಿರುದ್ಯೋಗ ಏರಿತು, ಇಳಿಯಿತು ಎಂದು ಪತ್ರಿಕೆಯಲ್ಲಿ ಬರುತ್ತದಲ್ಲ, ಅದಕ್ಕಾಗಿ ನನ್ನಂಥವರು ಬಿಸಿಲಲ್ಲಿ ಅಲೆಯುತ್ತಿರುತ್ತಾರೆ. ಆಯ್ದ ಮನೆಗೆ ಸತತ ನಾಲ್ಕು ತಿಂಗಳು ಹೋಗಬೇಕು. ಪ್ರತಿ ಸಲವೂ ಅವೇ ಪ್ರಶ್ನೆಗಳು. ಕಳೆದ ವಾರ ದುಡಿದಿದ್ದೀರಾ? ಇಲ್ಲವಾದರೆ, ಕೆಲಸ ಹುಡುಕಿದ್ದೀರಾ? ಹುಡುಕದಿದ್ದರೂ ಸಿಕ್ಕರೆ ಮಾಡುತ್ತೀರಾ? ಮೂರಕ್ಕೂ ಇಲ್ಲ ಎಂದವರು ನಿರುದ್ಯೋಗಿಗಳ ಲೆಕ್ಕಕ್ಕೇ ಬರುವುದಿಲ್ಲ.

ಪಾಪಿನಾಯಕನಹಳ್ಳಿಯ ಒಂದು ಮನೆ ಹಾಗೆ ನನ್ನ ಪಾಲಿಗೆ ಬಂತು. ತಾಯಿ ಹೊಲದ ಕೂಲಿಗೆ ಹೋಗುತ್ತಿದ್ದರು. ಮಗಳು ಹೆಚ್ಚುಕಡಿಮೆ ನನ್ನ ವಯಸ್ಸಿನವಳು, ಬಿ.ಎಸ್‌ಸಿ., ಬಿ.ಇಡಿ. ಮಾಡಿದವಳು. ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ಆ ಜಾಗಕ್ಕೆ ಕಾಯಂ ಮೇಷ್ಟ್ರು ಬಂದ ಮೇಲೆ ಮನೆ ಸೇರಿದ್ದಳು. ಬುದ್ಧನ ಪಟದ ಕೆಳಗಿದ್ದ ಟ್ರಂಕು ತೆರೆದು, ಹಾಕಿದ ಅರ್ಜಿಗಳ ಪ್ರತಿಗಳನ್ನೆಲ್ಲ ನನ್ನ ಮುಂದೆ ಹರಡಿದಳು. ಅಷ್ಟು ತೋರಿಸಬೇಕಾಗಿರಲಿಲ್ಲ.

"ಹುಡುಕಾಕತ್ತಾಳ ಅಂತ ದಪ್ಪಗ ಬರ್ಕೊಳ್ರಿ ಮೇಡಂ," ಎಂದರು ತಾಯಿ.

ಎರಡನೇ ತಿಂಗಳು ಹೋದಾಗ ಅವಳ ಮುಖ ಅರಳಿತ್ತು. ಸಂಡೂರಿನ ಒಂದು ಖಾಸಗಿ ಶಾಲೆಯ ಹಾಸ್ಟೆಲಿಗೆ ವಾರ್ಡನ್ ಬೇಕಾಗಿದ್ದಾರೆ ಎಂದು ಗೊತ್ತಾಗಿತ್ತು. "ಯಾವ ಡಿಗ್ರಿ ಆದ್ರೂ ನಡೀತೈತಂತ್ರಿ. ಇರಾಕ ಖೋಲಿ, ಊಟ ಎಲ್ಲಾ ಅವರದ. ಅವ್ವನ್ನೂ ಕರ್ಕೊಂಡು ಹೋಗಬಹುದು." ಶಾಲೆಯ ಹೆಸರು ಹೇಳಿದಳು. ಮೊಬೈಲಿನಲ್ಲಿದ್ದ ಜಾಹೀರಾತನ್ನೂ ತೋರಿಸಿದಳು.

ಅದೇ ವಾರ ಹೊಸಪೇಟೆಯ ಆಫೀಸಿನಲ್ಲಿ ಈ ಸುತ್ತಿನ ನಾಲ್ಕು ತಿಂಗಳು ಮುಗಿದ ಮೇಲೆ ನಮ್ಮ ಗುತ್ತಿಗೆ ಮುಂದುವರಿಯುವುದಿಲ್ಲ ಎಂದು ಹೇಳಿದ್ದರು. ಕಂಪ್ಲಿಯ ಮನೆಗೆ ಬಂದವಳೇ ನಾನೂ ಆ ಹುದ್ದೆಗೆ ಅರ್ಜಿ ಹಾಕಿದೆ. ಜಾಹೀರಾತು ಎಲ್ಲರಿಗೂ ಕೊಟ್ಟದ್ದು ತಾನೇ ಎಂದು ಸಮಾಧಾನ ಹೇಳಿಕೊಂಡೆ. ಅವಳಿಗೆ ಮಾತ್ರ ತಿಳಿಸಲಿಲ್ಲ.

ಸಂದರ್ಶನದ ದಿನ ಅದಿರು ಲಾರಿಗಳ ಹಿಂದೆ ನಿಂತು ನಿಂತು ಬಸ್ಸು ಸಂಡೂರು ಮುಟ್ಟುವಾಗ ತಡವಾಗಿತ್ತು. ಶಾಲೆಯ ಪಡಸಾಲೆಯ ತುಂಬ ಹೆಂಗಸರು. ಇಸ್ತ್ರಿ ಮಾಡಿದ ತಿಳಿನೀಲಿ ಸೀರೆಯಲ್ಲಿ ಅವಳೂ ಕೂತಿದ್ದಳು. ನನ್ನನ್ನು ಕಂಡು ನಕ್ಕಳು.

"ಇಲ್ಲೂ ಬರ್ಕೊಳಾಕ ಬಂದೀರೇನ್ರಿ ಮೇಡಂ?"

ಆಮೇಲೆ ನನ್ನ ಕೈಯಲ್ಲಿದ್ದ ಫೈಲು ನೋಡಿದಳು. ನಗು ಆರಿತು. ನಾನು "ಅದು..." ಎಂದು ಶುರು ಮಾಡುವಷ್ಟರಲ್ಲಿ ಅವಳು ಕಣ್ಣು ಕಿಟಕಿಯ ಕಡೆಗೆ ತಿರುಗಿಸಿದಳು.

ಒಳಗೆ ನನಗೆ ಊರು, ಓದು ಎರಡೇ ಕೇಳಿದರು. ಅವಳೂ ಅಷ್ಟೇ ಬೇಗ ಹೊರಗೆ ಬಂದಳು. ಕೊನೆಯಲ್ಲಿ ಅಲ್ಲಿನ ಜವಾನ ಕನಿಕರದಿಂದ ಹೇಳಿದ: "ಕಾಯಬ್ಯಾಡ್ರಿ ಅಕ್ಕಾರ. ಆ ಜಾಗಕ್ಕ ಮೊನ್ನೆನ ಒಬ್ರು ಸೇರ್ಕೊಂಡಾರ. ನಿಮ್ಮನ್ನ ಸುಮ್ನ ಕರಸ್ಯಾರ."

ಇಬ್ಬರೂ ಒಂದೇ ಬಸ್ಸು ಹತ್ತಿದೆವು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಹೊಸಪೇಟೆವರೆಗೂ ಕಂಬ ಹಿಡಿದು ನಿಂತೇ ಬಂದಳು.

ಮೂರನೇ ತಿಂಗಳು ಆ ಮನೆಗೆ ಹೋಗಲು ಕಾಲು ಏಳಲಿಲ್ಲ. ಆದರೂ ಹೋಗಲೇಬೇಕಿತ್ತು. ಬಾಗಿಲಲ್ಲೇ ಚಾಪೆ ಹಾಸಿ, ನೀರು ತಂದಿಟ್ಟು ಎದುರಿಗೆ ಕೂತಳು.

"ಕೆಲಸ ಮಾಡಿಲ್ರಿ," ಎಂದಳು, ನಾನು ಕೇಳುವ ಮೊದಲೇ. "ಹುಡುಕಿನೂ ಇಲ್ಲ. ಸಿಕ್ರೂ ಮಾಡಂಗಿಲ್ಲ."

"ಹಂಗ ಬರಸಬ್ಯಾಡ್ರಿ. ಯಾರನ್ನರ ಒಂದ್ ಮಾತು ಕೇಳಿದ್ರೂ ಹುಡುಕಿದಂಗ ಆಗತೈತಿ. ಕೇಳೀರಿ ಅಂತ ಬರೀಲೇನ್ರಿ?"

"ಸುಳ್ಳ್ಯಾಕ್ರಿ? ಕೇಳಿಲ್ಲ." ದನಿಯಲ್ಲಿ ಕೋಪವಿರಲಿಲ್ಲ. "ಹುಡುಕೋರು ನೀವದೀರಲ್ಲ. ನಿಮ್ಮ ಹೆಸರು ಬರ್ಕೊಳ್ರಿ."

ಒಳಗಿನಿಂದ ತಾಯಿ, "ಯವ್ವಾ, ಬಾಯಿಂದ ಅಂಥ ಮಾತು ತಗೀಬ್ಯಾಡ," ಎಂದರು. ನಾನು ಟ್ಯಾಬಿನಲ್ಲಿ ಅವಳು ಹೇಳಿದ್ದನ್ನೇ ಒತ್ತಿದೆ. ಅದು ಅವಳನ್ನು ಮನೆವಾರ್ತೆ ನೋಡಿಕೊಳ್ಳುವವರ ಸಾಲಿಗೆ ಸೇರಿಸಿ ಮುಂದಿನ ಪ್ರಶ್ನೆಗೆ ಹೋಯಿತು.

ನಾಲ್ಕನೇ ತಿಂಗಳೂ ಅದೇ ಉತ್ತರ. ಟ್ರಂಕಿನ ಮೇಲೆ ಈಗ ಹಾಸಿಗೆ ಪೇರಿಸಿತ್ತು. ಹೊರಡುವಾಗ "ತಪ್ಪಾತ್ರಿ" ಎಂದೆ. "ನಿಮ್ಮದೇನೈತ್ರಿ ಅದರಾಗ," ಎಂದಳು. ಕ್ಷಮಿಸಿದಳೋ, ನಾನು ಎದ್ದು ಹೋಗಲಿ ಎಂದು ಹಾಗಂದಳೋ ತಿಳಿಯಲಿಲ್ಲ.

ಕೆಲವು ವಾರಗಳ ಮೇಲೆ, ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟುಹೋದ ಪತ್ರಿಕೆ ಓದಿದೆ. ರಾಜ್ಯದಲ್ಲಿ ನಿರುದ್ಯೋಗ ಸ್ವಲ್ಪ ಇಳಿದಿದೆ ಎಂದಿತ್ತು. ಅವಳೊಬ್ಬಳಿಂದ ಅದು ಇಳಿದಿರಲಾರದು, ನನಗೂ ಗೊತ್ತು. ಆದರೂ ಓದುತ್ತ ಕಣ್ಣ ಮುಂದೆ ಬಂದದ್ದು ಅವಳೇ. ಆ ದಿನ ನಾನು ಆಫೀಸಿಗೆ ಹೋಗುತ್ತಿದ್ದದ್ದು ಟ್ಯಾಬು ಒಪ್ಪಿಸಲು. ಒಪ್ಪಿಸಿ, ಸಹಿ ಹಾಕಿ, ಕಂಪ್ಲಿ ಬಸ್ಸು ಹತ್ತಿದೆ. ಆಮೇಲೆ ಒಂದಿಷ್ಟು ಕಡೆ ಅರ್ಜಿ ಹಾಕಿದೆ. ಯಾರೂ ಕರೆಯಲಿಲ್ಲ. ಈಚೆಗೆ ಹಾಕುವುದನ್ನೂ ಬಿಟ್ಟಿದ್ದೇನೆ.