ಯೀಸ್ಟ್ ಇಲ್ಲದ ಪಿಲ್ಸ್ನರ್

ನನ್ನ ಗಂಡನ ಲಿವರಿನ ರಿಪೋರ್ಟ್ ನೋಡಿ ಡಾಕ್ಟರು, ಇನ್ನು ಬಿಯರ್ ಖಲಾಸ್ ಎಂದರು. ಇವರು ಹೂಂ ಎಂದರು. ಮೂರು ತಿಂಗಳು ಒಂದು ಹನಿ ಮುಟ್ಟಲಿಲ್ಲ, ಸುಳ್ಳು ಹೇಳಬಾರದು. ಆದರೆ ಗುರುವಾರ ಸಂಜೆಯಾದರೆ ಇವರ ಮುಖ ನೋಡಲಿಕ್ಕಾಗುತ್ತಿರಲಿಲ್ಲ. ಇಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ಆಫೀಸಿನ ಸ್ನೇಹಿತರೆಲ್ಲ ಹೋಟೆಲಿನ ಬಾರಿಗೆ ಹೊರಡುವ ಹೊತ್ತು ಅದು. ಇವರು ದೋಹಾದ ಅಲ್ ಮುಂತಜಾ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಫೋನು ಮಗುಚಿಟ್ಟು ಅತ್ತಿಂದಿತ್ತ ತಿರುಗುತ್ತಿದ್ದರು. ಯಾವುದಾದರೊಂದು ಗುರುವಾರ ಹೋಗಿಯೇ ಬಿಡುತ್ತಾರೆ ಎಂದು ನಾನು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ.

ಸೂಪರ್‌ಮಾರ್ಕೆಟ್ಟಿನಿಂದ ಮದ್ಯವಿಲ್ಲದ ಮಾಲ್ಟ್ ಡ್ರಿಂಕ್ ತಂದುಕೊಟ್ಟೆ. ದಾಳಿಂಬೆ, ಪೀಚು, ನಿಂಬೆ, ಯಾವುದೂ ಬಿಡಲಿಲ್ಲ. ಇದು ಮಕ್ಕಳ ಕೆಮ್ಮಿನ ಸಿರಪ್ಪು ಎಂದು ಪಕ್ಕಕ್ಕಿಟ್ಟರು. ಇವರ ಪ್ರೀತಿಯದು ಪಿಲ್ಸ್ನರ್ ಎಂಬ ಹೊಂಬಣ್ಣದ ಬಿಯರ್. ಕುಡಿಯುವುದು ಬಿಟ್ಟೇನು, ಅದರ ಪರಿಮಳ ಮರೆಯಲಿಕ್ಕೆ ಆಗುವುದಿಲ್ಲ ಎಂದರು. ಆ ಪರಿಮಳ ಹಾಪ್ಸ್ ಎಂಬ ಹೂವಿನದಂತೆ. ಓಹೋ, ಬರೀ ಹೂವಿನ ವಿಷಯವಾ, ಹಾಗಾದರೆ ನಾನೇ ಮಾಡುತ್ತೇನೆ ಎಂದು ಟೊಂಕ ಕಟ್ಟಿದೆ.

ಸಿಹಿಯನ್ನು ಹುದುಗಿಸಿ ಮದ್ಯ ಮಾಡುವ ಯೀಸ್ಟ್ ಮಾತ್ರ ಮಾಫಿ, ಅಂದರೆ ಇಲ್ಲಿಯ ಅರಬ್ಬಿಯಲ್ಲಿ ಇಲ್ಲವೇ ಇಲ್ಲ. ಈ ದೇಶದ ಕಾನೂನು ಬಿಗಿ, ನನ್ನ ಮನೆಯ ಕಾನೂನು ಅದಕ್ಕಿಂತ ಬಿಗಿ. ಬಾರ್ಲಿಯನ್ನು ಮೊಳಕೆ ಬರಿಸಿ ಟೆರೇಸಿನಲ್ಲಿ ಹರಡಿದೆ. ದೋಹಾದ ಬಿಸಿಲು ಒಂದೇ ದಿನದಲ್ಲಿ ಗರಿಗರಿ ಮಾಡಿಕೊಟ್ಟಿತು. ತರಿತರಿಯಾಗಿ ಪುಡಿ ಮಾಡಿ, ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ ಸೋಸಿದರೆ ಸಿಹಿಯಾದ ನೀರು ತಯಾರು. ಹಾಪ್ಸ್, ನಿದ್ದೆ ಬರಿಸುವ ಚಹಾದ ಹೆಸರಿನಲ್ಲಿ ಗಿಡಮೂಲಿಕೆ ಅಂಗಡಿಯಲ್ಲಿ ಸಿಕ್ಕಿತು.

ನಮ್ಮ ಉಡುಪಿ ಕಡೆಯವರ ಕೈಗೆ ಒಣಗಿದ ಸೊಪ್ಪೋ ಹೂವೋ ಸಿಕ್ಕಿದರೆ ಮಾಡುವುದು ಒಂದೇ, ಕಷಾಯ. ಆ ಸಿಹಿನೀರಿಗೆ ಇಡೀ ಪೊಟ್ಟಣ ಸುರಿದು, ನಾಲ್ಕು ಲೋಟ ಒಂದು ಲೋಟ ಆಗುವವರೆಗೆ ಕುದಿಸಿದೆ. ಮನೆಯೆಲ್ಲ ಘಮಘಮ. ಲೋಟದಲ್ಲಿ ಬರೀ ಕಹಿ. ಇವರು ಒಂದು ಗುಟುಕು ಕುಡಿದು, ಜ್ವರ ಯಾರಿಗೆ ಎಂದು ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಎರಡನೆಯ ಸಲ ಹಟದಿಂದ ಹಾಪ್ಸ್ ಇನ್ನೂ ಹೆಚ್ಚು ಹಾಕಿ ಇನ್ನೂ ಹೊತ್ತು ಕುದಿಸಿದೆ. ಅಷ್ಟನ್ನೂ ಸಿಂಕಿಗೆ ಚೆಲ್ಲಬೇಕಾಯಿತು.

ಮರುದಿನ ಸಾರಿಗೆ ಕೊತ್ತಂಬರಿ ಸೊಪ್ಪು ಹಾಕಲಿಕ್ಕೆ ಹೋದ ಕೈ ಅಲ್ಲೇ ನಿಂತಿತು. ಒಲೆ ಆರಿಸಿದ ಮೇಲೆ ಹಾಕಿ ಮುಚ್ಚುವ ಸೊಪ್ಪನ್ನು ಯಾರಾದರೂ ಗಂಟೆಗಟ್ಟಲೆ ಕುದಿಸುತ್ತಾರಾ? ಲೋಟದಲ್ಲಿ ಇರಬೇಕಾದ ಪರಿಮಳವನ್ನೇ ನಾನು ಮನೆಯೆಲ್ಲ ಹರಡಿ ಖುಷಿಪಟ್ಟಿದ್ದೆ. ಥೂ ನನ್ನ ಬುದ್ಧಿಯೇ.

ಮೂರನೆಯ ಸಲ ಕಹಿಗೆಂದು ನಾಲ್ಕೇ ಹೂ ಹಾಕಿ ಕುದಿಸಿದೆ. ಒಲೆ ಆರಿಸಿ, ಹಬೆ ಸ್ವಲ್ಪ ತಗ್ಗಿದ ಮೇಲೆ ಒಂದು ಹಿಡಿ ಹಾಕಿ ಗಟ್ಟಿಯಾಗಿ ಮುಚ್ಚಿದೆ. ತಣಿದ ಮೇಲೆ ಸೋಸಿ, ಇನ್ನೊಂದು ಹಿಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅದರಲ್ಲಿ ಮುಳುಗಿಸಿ, ಮರುದಿನದವರೆಗೆ ಫ್ರಿಜ್ಜಿನಲ್ಲಿಟ್ಟೆ.

ಮರುದಿನ ಗುರುವಾರ. ಸಂಜೆ ಆಫೀಸಿನಿಂದ ಬಂದವರು ಶೂ ಬಿಚ್ಚದೆ ಬಾಗಿಲ ಬಳಿಯೇ ನಿಂತಿದ್ದರು. ಸೋಡಾ ಬೆರೆಸಿ ಲೋಟ ಕೈಗೆ ಕೊಟ್ಟೆ. ಮೂಗಿನ ಹತ್ತಿರ ಹಿಡಿದರು, ಹಿಡಿದೇ ಇದ್ದರು. ಆಮೇಲೆ ಕುರ್ಚಿ ಎಳೆದು ಕುಳಿತು ನಿಧಾನವಾಗಿ ಅರ್ಧ ಲೋಟ ಕುಡಿದರು. ಕೆಳಗೆ ಕಾರಿನ ಹಾರ್ನ್ ಕೇಳಿಸಿತು. ಇವರು ಫೋನು ತೆಗೆದು, ನಾನು ಬರುವುದಿಲ್ಲ, ನೀವು ಹೊರಡಿ ಎಂದರು.

"ಇವತ್ತು ನನಗೆ ಅವರೊಟ್ಟಿಗೆ ಹೋಗ್ಲಿಕ್ಕೆ ಇತ್ತು ಮಾರಾಯ್ತಿ," ಎಂದರು, ನನ್ನ ಮುಖ ನೋಡದೆ. "ನಿನ್ನತ್ರ ಮೀಟಿಂಗ್ ಉಂಟು ಅಂತ ಹೇಳುವ ಅಂತ ಮಾಡಿದ್ದೆ."

ಬೈಯಲಿಕ್ಕೆಂದು ಬಾಯಿ ತೆರೆದೆ. ಅಳು ಬಂತು. ಇವರು ಲೋಟ ಕೆಳಗಿಟ್ಟು, ಬಗ್ಗಿ ಶೂ ಬಿಚ್ಚತೊಡಗಿದರು.