ಅಮೆರಿಕದ ಟ್ರಸ್ಟು, ನಮ್ಮ ಮುದ್ದೆ

ಉತ್ತರ ಪತ್ರಿಕೆ ತಿದ್ದುವಾಗ ನನಗೆ ಸಾಮಾನ್ಯವಾಗಿ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಆದರೆ ಆ ದಿನ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ, ತೊಡೆಯ ಮೇಲೆ ಕಟ್ಟು ಇಟ್ಟುಕೊಂಡು ಕೆಂಪು ಪೆನ್ನು ಆಡಿಸುತ್ತಿದ್ದವಳು ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಬ್ಯಾಗನ್ನು ತಮ್ಮ ಕಡೆಗೆ ಎಳೆದುಕೊಂಡು ಸ್ವಲ್ಪ ಸರಿದು ಕೂತರು.

ನಾನು ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಹೆಸರಿಗೆ ಮಾತ್ರ. ಉಪಚಾರ ಏನೂ ಇಲ್ಲ, ಯಾವ ದಿನ ಬೇಕಾದರೂ ಹೋಗಿ ಬನ್ನಿ ಅನ್ನಬಹುದು. ಕೊನೆಯ ವರ್ಷದ ಬಿ.ಎ. ಮಕ್ಕಳಿಗೆ ಅಮೆರಿಕದ ಇತಿಹಾಸ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಿರುಪರೀಕ್ಷೆಯಲ್ಲಿ ಕೇಳಿದ್ದ ಪ್ರಶ್ನೆ ಇಷ್ಟೇ: ಅಮೆರಿಕದಲ್ಲಿ ಟ್ರಸ್ಟುಗಳ ವಿರುದ್ಧ ನಡೆದ ಸುಧಾರಣೆಗಳನ್ನು ವಿವರಿಸಿ. ಮಕ್ಕಳು ವಿವರಿಸಿದ್ದರು. ಅಮೆರಿಕದ ಅಧ್ಯಕ್ಷನು ಟ್ರಸ್ಟುಗಳನ್ನು ಒಡೆದು ಹಾಕಿ ಅನ್ನದಾನ ನಿಲ್ಲಿಸಿದನು ಎಂದು ಒಬ್ಬ ಬರೆದಿದ್ದ. ದೇವಸ್ಥಾನಗಳ ಜೀರ್ಣೋದ್ಧಾರ ಅರ್ಧಕ್ಕೇ ನಿಂತು ಭಕ್ತಾದಿಗಳು ನೊಂದರು ಎಂದು ಇನ್ನೊಬ್ಬ. ಹೆಮ್ಮಿಗೆಯಿಂದ ಬಂದು ನಮ್ಮ ಹಾಸ್ಟೆಲಿನಲ್ಲಿದ್ದ ಹುಡುಗಿಯೊಬ್ಬಳು ಉತ್ತರವೆಲ್ಲ ಬರೆದು ಮುಗಿಸಿ, ಕೆಳಗೊಂದು ಗೆರೆ ಎಳೆದು, ನನಗೇ ಪ್ರಶ್ನೆ ಹಾಕಿದ್ದಳು: ‘ಮೇಡಂ, ಒಡೆದ ಮೇಲೆ ಆ ಹಾಸ್ಟೆಲ್ ಮಕ್ಕಳು ಊಟಕ್ಕೆ ಎಲ್ಲಿಗೆ ಹೋದರು?’

ಅಲ್ಲಿಗೆ ನನ್ನ ನಗು ನಿಂತಿತು. ತಪ್ಪು ಮಕ್ಕಳದಲ್ಲ. ನೋಟ್ಸ್ ಬರೆಸುವಾಗ ಟ್ರಸ್ಟ್ ಎಂಬ ಮಾತನ್ನು ಬಿಡಿಸಿ ಹೇಳದೆ ಹಾಗೇ ಬಿಟ್ಟವಳು ನಾನು. ನಮ್ಮ ಕಡೆ ಟ್ರಸ್ಟು ಅಂದರೆ ಶಾಲೆ ನಡೆಸುವುದು, ಹಾಸ್ಟೆಲ್ ನಡೆಸುವುದು, ಗುಡಿಗೆ ಸುಣ್ಣ ಹೊಡೆಸುವುದು. ನಮ್ಮ ಕಾಲೇಜಿರುವುದೂ ಒಂದು ಟ್ರಸ್ಟಿನ ಕೈಯಲ್ಲೇ. ಎರಡು ವಾರ ನಾನು ಅಂಥದ್ದನ್ನು ಒಡೆದವನನ್ನು ಹೊಗಳಿದ್ದೇನೆ, ಮಕ್ಕಳು ಮರ್ಯಾದೆಯಿಂದ ಬರೆದುಕೊಂಡಿದ್ದಾರೆ. ಎಂಥ ಕಲ್ಲುಮನಸ್ಸಿನ ಮೇಡಂ ಅಂದುಕೊಂಡಿದ್ದರೋ ಏನೋ.

ಅವತ್ತು ತರಗತಿಗೆ ಓಡಿದ ಹಾಗೇ ಹೋದೆ. ಅಮೆರಿಕದ ಆ ಟ್ರಸ್ಟು ಬೇರೆ, ಅದು ದೊಡ್ಡ ದೊಡ್ಡ ಕಂಪನಿಗಳು ಸೇರಿ ಕಟ್ಟಿಕೊಂಡ ಕೂಟ ಎಂದು ಮೊದಲಿನಿಂದ ಹೇಳಿದೆ. ಎಣ್ಣೆ ತೆಗೆಯುವುದೂ ಸಾಗಿಸುವುದೂ ಮಾರುವುದೂ ಒಂದೇ ಕೈ. ಪಕ್ಕದವನು ಅಂಗಡಿ ಮುಚ್ಚುವ ತನಕ ಅಗ್ಗಕ್ಕೆ ಮಾರುವುದು, ಅವನು ಮುಚ್ಚಿದ ಮೇಲೆ ಹೇಳಿದ್ದೇ ಬೆಲೆ. ರೈಲು, ಸಕ್ಕರೆ, ಮಾಂಸ, ಎಲ್ಲದರ ಕಥೆಯೂ ಹೆಚ್ಚು ಕಡಿಮೆ ಇದೇ. ಜನ ರೊಚ್ಚಿಗೆದ್ದರು, ಕಾನೂನು ಬಂತು, ಕೋರ್ಟು ಆ ಕೂಟಗಳನ್ನು ಒಡೆಯಿತು. ಹೆಮ್ಮಿಗೆ ಹುಡುಗಿ ಡೆಸ್ಕಿನ ಮೇಲೆ ಕೈ ಊರಿ ಎದ್ದು ನಿಂತಳು.

‘ಅಂಗಾದ್ರೆ ನಮ್ ಮುದ್ದೆ ವ್ಯಾನ್ ಇದ್ದಂಗೆ ಅನ್ನಿ ಮೇಡಂ.’

ತರಗತಿ ಗೊಳ್ಳೆಂದಿತು. ವಿಷಯ ತಿಳಿಯದ್ದು ನನಗೊಬ್ಬಳಿಗೇ. ಆ ತಿಂಗಳಿಂದ ಹಾಸ್ಟೆಲಿನ ಮಧ್ಯಾಹ್ನದ ಊಟ ನಂಜನಗೂಡಿನ ಕಾರ್ಖಾನೆಗಳ ಕಡೆಯ ಒಂದು ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತಿತ್ತು. ಕಾರ್ಖಾನೆಗಳ ಕ್ಯಾಂಟೀನಿಗೆ ಅಡುಗೆ ಮಾಡಿ ಬೆಳೆದ ಕಂತ್ರಾಟುದಾರ ಈಗ ಎರಡೂ ತಾಲ್ಲೂಕಿನ ಹಾಸ್ಟೆಲುಗಳನ್ನು ಒಂದೊಂದಾಗಿ ಹಿಡಿಯುತ್ತಿದ್ದ. ನಮ್ಮ ಹಾಸ್ಟೆಲಿನಲ್ಲಿ ಒಲೆ ಹಚ್ಚುವುದನ್ನು ನಿಲ್ಲಿಸಿದ್ದರು. ಅಲ್ಲಿ ವರ್ಷಗಟ್ಟಲೆ ಮುದ್ದೆ ತಿರುವಿದ ಅಡುಗೆಯವ್ವ ಈಗ ತಟ್ಟೆ ತೊಳೆಯುತ್ತಿದ್ದರು. ಕಳಲೆಯಿಂದ ಮದುವೆಯಾಗಿ ಬಂದು, ಗಂಡ ಹೋದ ಮೇಲೆ ಈ ಒಲೆಯನ್ನೇ ನೆಚ್ಚಿಕೊಂಡಿದ್ದ ಹೆಂಗಸು. ತಿಂಗಳ ಕೊನೆಯವರೆಗೆ ಇದು ಪ್ರಯೋಗಕ್ಕೆ ಅಂತ ಟ್ರಸ್ಟು ಹೇಳಿತ್ತಂತೆ. ಯಾರೂ ದೂರು ಹೇಳದಿದ್ದರೆ ವ್ಯಾನೇ ಖಾಯಂ, ಅಡುಗೆಯವ್ವ ಮನೆಗೆ.

ಮುಂದಿನ ಪಾಠಕ್ಕೆ ನಾನು ಯಾವತ್ತೂ ಇಲ್ಲದ ಹುರುಪಿನಲ್ಲಿ ಸಿದ್ಧಳಾದೆ. ಅಮೆರಿಕದಲ್ಲಿ ಆಗ ಕೆಲವು ಪತ್ರಕರ್ತರಿದ್ದರು. ಕಂಪನಿಗಳ ಒಳಗೆ ಹೊಕ್ಕು, ಕಾಗದ ಹುಡುಕಿ, ಕಣ್ಣಾರೆ ನೋಡಿ ಬರೆಯುತ್ತಿದ್ದರು. ಅವರಿಗೆ ಅಲ್ಲಿನ ಅಧ್ಯಕ್ಷನೇ ಗದರಿದ ಹಾಗೆ ಒಂದು ಹೆಸರಿಟ್ಟ. ಮಕ್‌ರೇಕರ್, ಅಂದರೆ ಕೊಚ್ಚೆ ಕೆದಕುವವರು, ನಮ್ಮ ಮಾತಿನಲ್ಲಿ ತಿಪ್ಪೆ ಕೆದಕುವವರು. ಇದು ಬೈಗುಳ ಎಂದು ನಾನು ಹೇಳಿದರೆ ತರಗತಿ ಒಪ್ಪಲೇ ಇಲ್ಲ. ಸೋಮನಾಥಪುರದ ಹುಡುಗನೊಬ್ಬ, ತಿಪ್ಪೆ ಕೆದಕದೆ ಗದ್ದೆಗೆ ಗೊಬ್ಬರ ಎಲ್ಲಿಂದ ಬರುತ್ತದೆ ಎಂದು ಗಂಭೀರವಾಗಿ ಕೇಳಿದ. ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಪಾಠ ಮಾಡಿ ನನಗೇ ಹೊಳೆಯದೆ ಇದ್ದದ್ದು! ತಪ್ಪು ಮುಚ್ಚಿಹಾಕುವುದಕ್ಕೆ ನಾವು ತಿಪ್ಪೆ ಸಾರಿಸುವುದು ಅನ್ನುತ್ತೇವಲ್ಲ, ಅದರ ಎದುರು ಮಾತು ಇದೇ ಅಲ್ಲವೇ? ಬೋರ್ಡಿನ ಒಂದು ಕಡೆ ‘ಸಾರಿಸುವವರು’, ಇನ್ನೊಂದು ಕಡೆ ‘ಕೆದಕುವವರು’ ಎಂದು ದೊಡ್ಡದಾಗಿ ಬರೆದೆ. ಸೀಮೆಸುಣ್ಣ ಮುರಿಯಿತು.

ಅದೇ ಓಘದಲ್ಲಿ ಮಾಂಸದ ಕಾರ್ಖಾನೆಗಳ ವಿಷಯವನ್ನೂ ಹೇಳಿ ಮುಗಿಸಿದೆ. ಒಬ್ಬ ಲೇಖಕ ಅಲ್ಲಿ ಕೆಲಸಗಾರರ ನಡುವೆ ಓಡಾಡಿ ಬರೆದ. ಅವನು ತೋರಿಸಬೇಕೆಂದದ್ದು ದುಡಿಯುವವರ ಪಾಡನ್ನು, ಓದಿದ ದೇಶಕ್ಕೆ ಕಂಡದ್ದು ತನ್ನ ತಟ್ಟೆಗೆ ಬೀಳುವ ಕೊಳಕು ಮಾಂಸ. ತಟ್ಟೆಗೆ ಕಾನೂನು ಬಂತು, ಇನ್‌ಸ್ಪೆಕ್ಟರುಗಳು ಬಂದರು. ದುಡಿಯುವವರು ಇನ್ನೂ ಬಹಳ ಕಾಲ ಕಾದರು. ಬರೆದುಕೊಳ್ಳಿ ಎಂದು ನಾನು ಮುಂದಕ್ಕೆ ಹೋದೆ.

ಹುಡುಗಿಯರು ಕೆದಕಲು ಶುರು ಮಾಡಿದರು. ವ್ಯಾನು ಬರುವ ಗಂಟೆ, ಡ್ರಮ್ಮಿನ ಮುಚ್ಚಳ ತೆಗೆದಾಗ ಹಬೆ ಏಳುತ್ತದೋ ಇಲ್ಲವೋ, ತಟ್ಟೆಯಲ್ಲಿ ಉಳಿದ ಮುದ್ದೆ, ಎಲ್ಲ ಒಂದು ನೋಟ್‌ಬುಕ್ಕಿಗೆ. ಆದರೆ ವ್ಯಾನು ಬರುವ ಹೊತ್ತಷ್ಟೇ ಗೊತ್ತು, ಹೊರಡುವ ಹೊತ್ತು ಗೊತ್ತಿಲ್ಲ. ಅದು ನನ್ನ ಕೈಯಲ್ಲಿತ್ತು. ನನ್ನ ಬಸ್ಸು ದಿನಾ ಆ ಅಡುಗೆಮನೆಯ ಗೇಟಿನ ಮುಂದೆಯೇ ಹಾಯುತ್ತಿತ್ತು, ನಾನು ಒಂದು ದಿನವೂ ಕತ್ತೆತ್ತಿ ನೋಡಿರಲಿಲ್ಲ. ಮಾರನೆಯ ದಿನದಿಂದ ಕಿಟಕಿಗೆ ಮೂಗು ಒತ್ತಿ ಕೂತೆ. ಬೆಳಗ್ಗೆ ಎಂಟೂಕಾಲಿಗೇ ಡ್ರಮ್ಮುಗಳು ವ್ಯಾನು ಹತ್ತುತ್ತಿದ್ದವು! ಫಳಫಳ ಹೊಳೆಯುವ ವ್ಯಾನು, ಅದರ ಮೇಲೆ ನಗುವ ಮಗುವಿನ ಚಿತ್ರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮಕ್ಕಳ ಲೆಕ್ಕದಲ್ಲಿ ಅದು ಹಾಸ್ಟೆಲು ಮುಟ್ಟುತ್ತಿದ್ದದ್ದು ಒಂದು ಗಂಟೆಗೆ. ದಾರಿಯಲ್ಲಿ ಎಷ್ಟು ಕಡೆ ಇಳಿಸಿ ಬರುತ್ತಿತ್ತೋ. ಹೆಮ್ಮಿಗೆ ಹುಡುಗಿಗೆ ಹೇಳಿದಾಗ ಅವಳು ನನ್ನ ಕೈ ಹಿಡಿದು ಕುಣಿದೇಬಿಟ್ಟಳು, ನಾನೂ ಕುಣಿದೆ ಅಂತಿಟ್ಟುಕೊಳ್ಳಿ.

ಹುಡುಗಿಯರು ಬರೆದಿಟ್ಟದ್ದೆಲ್ಲ ಕಾಲೇಜಿನ ಗೋಡೆ ಪತ್ರಿಕೆಯಾಯಿತು. ಮೇಲೆ ಅಮೆರಿಕದ ಸಂಗತಿ, ಕೆಳಗೆ ‘ನಮ್ಮೂರ ಮುದ್ದೆ’ ಎಂದು ಗಂಟೆಗಳ ಪಟ್ಟಿ. ಅಮೆರಿಕದವರು ಟ್ರಸ್ಟನ್ನು ಅಷ್ಟಪಾದಿಯ, ಅಂದರೆ ಆಕ್ಟೋಪಸ್ಸಿನ ಹಾಗೆ ಚಿತ್ರಿಸುತ್ತಿದ್ದರು ಎಂದು ಹೇಳಿದ್ದೆ. ಅಷ್ಟಪಾದಿಯನ್ನು ಯಾರು ಕಂಡಿದ್ದಾರೆ, ಹುಡುಗಿಯರು ಗದ್ದೆ ಬದುವಿನ ಏಡಿ ಬರೆದಿದ್ದರು. ಅದರ ಎರಡು ಕೊಂಡಿಯಲ್ಲೂ ಎರಡು ಮುದ್ದೆ. ತಲೆಬರಹ ಮಾತ್ರ ನಾನು ಗಮನಿಸಲಿಲ್ಲ. ಕೆಂಪು ಅಕ್ಷರದಲ್ಲಿ ‘ಟ್ರಸ್ಟ್ ಒಡೆದ ಅಧ್ಯಕ್ಷರು’ ಎಂದಿತ್ತು.

ನಮ್ಮ ಟ್ರಸ್ಟಿಗೂ ಒಬ್ಬರು ಅಧ್ಯಕ್ಷರಿದ್ದಾರಲ್ಲ. ಮಠದ ಶಾಲೆಯಲ್ಲಿ ಮೇಷ್ಟರಾಗಿ ನಿವೃತ್ತರಾದವರು, ಮಾತು ಕಡಿಮೆ, ಅಂಗಿಯ ಇಸ್ತ್ರಿ ಮುರಿಯದವರು. ಮಾರನೆಯ ದಿನ ಹತ್ತು ಗಂಟೆಗೇ ಬಂದು ಆ ಗೋಡೆಯ ಮುಂದೆ ನಿಂತಿದ್ದರು. ನನ್ನನ್ನು ಕರೆಸಿದರು. ಹೆಮ್ಮಿಗೆ ಹುಡುಗಿ ಕರೆಯದೆಯೇ ಬಂದು ನನ್ನ ಹಿಂದೆ ನಿಂತಳು.

‘ಏನಮ್ಮ ಇದು? ನಾನು ಯಾವಾಗ ಟ್ರಸ್ಟ್ ಒಡೆದೆ?’

ಅತಿಥಿ ಹೋಗಿ ಬನ್ನಿ ಅನ್ನಿಸಿಕೊಳ್ಳುವ ಗಳಿಗೆ ಇದೇ ಅನ್ನಿಸಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಬೋರ್ಡಿನ ತುಂಬ ‘ಕೆದಕುವವರು’ ಎಂದು ಬರೆದವಳು ಅಲ್ಲಿ ನಿಂತು ಚೆನ್ನಾಗಿ ತಿಪ್ಪೆ ಸಾರಿಸಿದೆ.

‘ಅದೆಲ್ಲ ಅಮೆರಿಕದ್ದು ಸಾರ್, ನಮ್ಮದಲ್ಲ. ಸಿಲಬಸ್ಸಿನಲ್ಲಿದೆ.’

ಹಿಂದಿನಿಂದ ಮೆಲ್ಲಗೆ ದನಿ ಬಂತು. ‘ಟ್ರಸ್ಟು ಅಮೆರಿಕದ್ದು ಸಾ. ಮುದ್ದೆ ನಮ್ದು. ಬಂದು ಒಂದು ದಿನ ಉಂಡು ನೋಡಿ ಸಾ.’

ಅವರು ಪಟ್ಟಿಯನ್ನು ಇನ್ನೊಮ್ಮೆ ಮೇಲಿನಿಂದ ಓದಿದರು. ಏಡಿಯನ್ನೂ ನೋಡಿದರು. ಆಮೇಲೆ ವಾಚು ನೋಡಿಕೊಂಡು, ಇವತ್ತೇ ಬರುತ್ತೇನೆ ಅಂದರು.

ಹನ್ನೆರಡೂವರೆಗೇ ಬಂದು ಹಾಸ್ಟೆಲಿನ ಊಟದ ಹಾಲಿನಲ್ಲಿ ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತರು. ವ್ಯಾನು ಬಂದದ್ದು ಒಂದೂ ಹತ್ತಕ್ಕೆ. ಡ್ರಮ್ಮಿನ ಮುಚ್ಚಳ ತೆಗೆದರು, ಹಬೆ ಇಲ್ಲ. ಅಧ್ಯಕ್ಷರ ತಟ್ಟೆಗೆ ಮುದ್ದೆ ಟಣ್ಣೆಂದು ಬಿತ್ತು. ಹೊರಗೆ ಬೆವತು ಅಂಟಂಟು, ಒಳಗೆ ಗಟ್ಟಿ. ಅವರೂ ರಾಗಿ ಉಂಡು ಬೆಳೆದವರೇ, ಮುದ್ದೆಯನ್ನು ಅಗಿಯಬಾರದು ನುಂಗಬೇಕು ಎಂದು ಗೊತ್ತು. ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಲು ನೋಡಿದರು. ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಕೊನೆಗೆ ಅಗಿದರು. ಮಕ್ಕಳೆಲ್ಲ ತಲೆ ತಗ್ಗಿಸಿ ಕೂತಿದ್ದರೂ ಎಲ್ಲರ ಕಣ್ಣೂ ಅವರ ಗಂಟಲ ಮೇಲೆಯೇ. ಮಾಡಿದ್ದುಣ್ಣೋ ಮಹಾರಾಯ ಎಂದು ನನ್ನ ಮನಸ್ಸು ಹಾಡುತ್ತಿತ್ತು.

ಅವರು ನೀರು ಕುಡಿದು, ಕೈ ಒರೆಸಿಕೊಂಡು, ನ್ಯಾಯವಾಗಿಯೇ ಮಾತಾಡಿದರು. ಮಕ್ಕಳು ಹೇಳಿದ್ದು ನಿಜ, ಕಂತ್ರಾಟುದಾರನಿಗೆ ಬಿಸಿ ಆರದ ಡಬ್ಬ ಕಳಿಸಲು ಹೇಳುತ್ತೇನೆ, ವ್ಯಾನು ನೇರವಾಗಿ ಇಲ್ಲಿಗೇ ಮೊದಲು ಬರಲಿ ಅಂದರು. ಹುಡುಗಿಯರ ಮುಖ ಅರಳಿತು. ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಹೆಮ್ಮಿಗೆ ಹುಡುಗಿ ಮಾತ್ರ ತಟ್ಟಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ನೋಡುತ್ತಿದ್ದಳು. ಅಡುಗೆಯವ್ವ ಅಲ್ಲಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದರು. ಅಧ್ಯಕ್ಷರ ಮಾತು ಕೇಳಿಸಿದ್ದೇ ತಡ, ಎಂಜಲು ತಟ್ಟೆ ಎತ್ತಲು ಬಗ್ಗಿದರು.

ನಾನೇ ಬರೆಸಿದ್ದು ನನಗೆ ಆಗ ನೆನಪಾಯಿತು. ತಟ್ಟೆಗೆ ಕಾನೂನು ಬಂತು, ದುಡಿಯುವವರು ಕಾದರು. ಎದ್ದು ನಿಂತೆ.

‘ಸಾರ್, ಅಮೆರಿಕದಲ್ಲೂ ಹೀಗೇ ಆಯಿತು. ಊಟ ಸರಿ ಮಾಡಿದರು, ಮಾಡುವವರನ್ನು ಮರೆತರು. ಮುದ್ದೆ ಬಿಸಿಯಾದರೆ ಇವರ ಗತಿ ಏನು?’

ಅಧ್ಯಕ್ಷರು ನನ್ನನ್ನು ನೋಡಲಿಲ್ಲ. ಅಡುಗೆಯವ್ವನ ಕಡೆ ತಿರುಗಿದರು. ಒಂದು ಮುದ್ದೆ ಮಾಡಿಕೊಡುತ್ತೀರಾ ಎಂದು ಕೇಳಿದರು.

‘ಒಲೆ ಅಚ್ಚಂಗಿಲ್ಲ ಅಂತ ನೀವೇ ಏಳ್ಸಿದ್ರಲ್ಲ ಸಾ.’

ಆ ಮಾತಿನಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ಇದ್ದದ್ದನ್ನು ಹೇಳಿದರು, ಅಷ್ಟೇ. ಅಧ್ಯಕ್ಷರ ಮುಖ ಕೆಂಪಾಯಿತು. ‘ಹಚ್ಚಿ’ ಅಂದರು.

ಎಸರು ಕುದಿಯುವವರೆಗೆ ಯಾರೂ ಜಾಗ ಬಿಟ್ಟು ಏಳಲಿಲ್ಲ. ಮಧ್ಯಾಹ್ನದ ಮೊದಲ ಪೀರಿಯಡ್ಡಿನ ಗಂಟೆ ಹೊಡೆದದ್ದು ಕೇಳಿಸಿತು, ಅದಕ್ಕೂ ಏಳಲಿಲ್ಲ. ಅಡುಗೆಯವ್ವ ಪಾತ್ರೆಯನ್ನು ಎರಡು ಕಾಲಿನಲ್ಲಿ ಒತ್ತಿ ಹಿಡಿದು ಕೋಲಿನಿಂದ ತಿರುವುವಾಗ ಅವರ ತೋಳು ನೋಡಬೇಕಿತ್ತು. ಆ ತೋಳಿಗೆ ತಟ್ಟೆ ತೊಳೆಯುವ ಕೆಲಸ ಕೊಟ್ಟಿದ್ದರಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಅಧ್ಯಕ್ಷರು ಬಿಸಿ ಮುದ್ದೆಯನ್ನು ಬೆರಳು ಸುಟ್ಟುಕೊಂಡು ಮುರಿದರು, ಅರ್ಧ ಮುಗಿಯುವ ತನಕ ಉಸಿರೆತ್ತಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, ಸೋಮವಾರದಿಂದ ಈ ಹಾಸ್ಟೆಲಿಗೆ ವ್ಯಾನು ಬೇಡ, ಇವರೇ ಮಾಡಲಿ ಅಂದರು. ಗೋಡೆ ಪತ್ರಿಕೆಯ ತಲೆಬರಹ ಬದಲಾಯಿಸಿ ಎಂದು ನನಗೂ ಹೇಳಿದರು. ಉಳಿದ ಹಾಸ್ಟೆಲುಗಳಿಗೆ ಇವತ್ತಿಗೂ ಆ ವ್ಯಾನೇ ಹೋಗುತ್ತದೆ, ಬಸ್ಸಿನಿಂದ ನನಗೆ ದಿನಾ ಕಾಣುತ್ತದೆ.

ಅವರ ಕಾರು ಗೇಟು ದಾಟಿದ್ದೇ ಹುಡುಗಿಯರು ಕೇಕೆ ಹಾಕಿದ ಸದ್ದು ಬೀದಿಗೆಲ್ಲ ಕೇಳಿಸಿರಬೇಕು. ನನ್ನನ್ನೂ ಎಳೆದು ಸಾಲಿನಲ್ಲಿ ಕೂರಿಸಿದರು. ಅಡುಗೆಯವ್ವ ಪಾತ್ರೆ ಹಿಡಿದು ಸಾಲಿನ ಉದ್ದಕ್ಕೂ ಬಡಿಸುತ್ತ ಬಂದು ನನ್ನ ಮುಂದೆ ನಿಂತರು. ಬೆಳಗ್ಗೆ ಗೋಡೆಯ ಹತ್ತಿರ ನಾನು ಆಡಿದ ಮಾತನ್ನು ಹೆಮ್ಮಿಗೆ ಹುಡುಗಿ ಆಗಲೇ ಅವರ ಕಿವಿಗೆ ಹಾಕಿದ್ದಳು. ಒದ್ದೆ ಕೈಯಲ್ಲಿ ಒಂದು ಮುದ್ದೆ ಉರುಟು ಮಾಡಿ ನನ್ನ ತಟ್ಟೆಗಿಟ್ಟು, ಉಪ್ಪುಸಾರು ಬಿಟ್ಟು, ನನ್ನ ಮುಖ ನೋಡಿ ನಕ್ಕರು.

‘ಉಣ್ಣವ್ವ. ಇದು ಅಮೆರಿಕದ್ದಲ್ಲ, ನಮ್ದೇಯ.’